ವಡ್ಡೂ ಅಂಚೂ

ಚೊಳಚಗುಡ್ಡದವನೊಬ್ಬನು ಬತ್ತದ ಗದ್ದೆಯನ್ನು ಕುರಿತು ಮಾತನಾಡಹೊರಟರೆ ಕೇಳುವವರಿಗೆ ನಗು ಬರುವುದು ಸಹಜ. ನಮ್ಮೂರು ಬನಶಂಕರಿಯ ಊರು. ಬಾದಾಮಿಯಿಂದ ಐದಾರು ಕಿಲೋಮೀಟರು. ಒಂದು ಮಗ್ಗುಲಿಗೆ ಮರಳುಗಲ್ಲಿನ ಕೆಂಪು ಗುಡ್ಡ, ಇನ್ನೊಂದು ಮಗ್ಗುಲಿಗೆ ಮಲಪ್ರಭೆ, ನಡುವೆ ಎರೆಹೊಲ. ದೇವಿಯ ಗುಡಿಯ ಸುತ್ತಣ ಒರತೆಯ ನೀರಿಗೆ ಬಾಳೆ, ತೆಂಗು, ಎಲೆಬಳ್ಳಿ ಬೆಳೆಯುವುದುಂಟು. ಪುಷ್ಯಮಾಸದಲ್ಲಿ ಬನದ ಹುಣ್ಣಿಮೆಯ ಜಾತ್ರೆಯ ವೇಳೆಗೆ ಶಾಕಾಂಬರಿಗೆ 108 ಬಗೆಯ ಪಲ್ಯಗಳ ನೈವೇದ್ಯವೂ ಆಗುತ್ತದೆ. ಆದರೆ ನಮ್ಮ ಹೊಲಗಳಲ್ಲಿ ಬೆಳೆದು ಹಗೇವಿಗೆ ಇಳಿಯುತ್ತಿದ್ದುದು ಜೋಳ. ಅಕ್ಕಿ ಸಂತೆಯಿಂದ ಬರಬೇಕಾಗಿತ್ತು. ಹಬ್ಬಕ್ಕೆ, ಬೀಗರು ಬಂದಾಗ, ಮನೆಯಲ್ಲಿ ಯಾರಾದರೂ ಜ್ವರದಿಂದ ಮಲಗಿದಾಗ, ಇಷ್ಟೇ ಅದರ ಸಂದರ್ಭಗಳು. ಜ್ವರ ಬಂದರೆ ಅನ್ನ ಸಿಗುತ್ತದೆಂದು ಹುಡುಗರಾದ ನಾವು ಜ್ವರವನ್ನು ಅಷ್ಟಾಗಿ ದ್ವೇಷಿಸುತ್ತಿರಲಿಲ್ಲ.

ನಮ್ಮ ಅವ್ವನಿಗೆ ಬತ್ತದ ವಿಷಯದಲ್ಲಿ ಒಂದು ತಿರಸ್ಕಾರವಿತ್ತು. "ಅದೇನ ದಗದ? ನೀರಾಗ ಒಗದ್ರ ಬೆಳೀತೈತಿ" ಎನ್ನುತ್ತಿದ್ದಳು. ಜೋಳಕ್ಕೆ ಹರಗಬೇಕು, ಕುಂಟೆ ಹೊಡೆಯಬೇಕು, ಎಡೆ ಹೊಡೆಯಬೇಕು, ಆಕಾಶ ನೋಡಬೇಕು. ಬತ್ತಕ್ಕೋ ನೀರೊಂದಿದ್ದರೆ ಆಯಿತು ಎಂಬುದು ಅವಳ ತಿಳುವಳಿಕೆ. ಇಪ್ಪತ್ತೈದು ವರ್ಷ ತುಂಬುವವರೆಗೆ ನನ್ನ ತಿಳುವಳಿಕೆಯೂ ಅದೇ ಆಗಿತ್ತು. ಧಾರವಾಡದಲ್ಲಿ ಕನ್ನಡ ಎಂ.ಎ. ಮಾಡಿದರೂ ಅದು ತಿದ್ದುಪಡಿಯಾಗಲಿಲ್ಲ. ಪಂಪನ ಬನವಾಸಿಯ ವರ್ಣನೆಯನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿದವನಿಗೆ ಗದ್ದೆಯೊಂದು ನೆಲದ ಮೇಲೆ ಹೇಗೆ ನಿಂತಿರುತ್ತದೆ ಎಂಬ ಪ್ರಶ್ನೆಯೇ ಹುಟ್ಟಿರಲಿಲ್ಲ.

1984ರಲ್ಲಿ ಶಿವಮೊಗ್ಗ ಜಿಲ್ಲೆಯ ಮಲೆನಾಡಿನ ಊರೊಂದರ ಕಾಲೇಜಿನಲ್ಲಿ ನನಗೆ ಅಧ್ಯಾಪಕನ ಕೆಲಸ ಸಿಕ್ಕಿತು. ಕವಿರಾಜಮಾರ್ಗಕಾರನು ತಿರುಳ್ಗನ್ನಡದ ನಾಡೆಂದು ಎಣಿಸಿದ ನಾಲ್ಕು ಊರುಗಳಲ್ಲಿ ಮೊದಲಿನದಾದ ಕಿಸುವೊಳಲು ಎಂದರೆ ಪಟ್ಟದಕಲ್ಲು, ಅದು ನಮ್ಮೂರಿನ ನೆರೆಯದು, ಆದ್ದರಿಂದ ನನ್ನದು ತಿರುಳ್ಗನ್ನಡ ಎಂದು ಮೊದಲ ದಿನವೇ ತರಗತಿಯಲ್ಲಿ ಸಾರಿದೆ. ಆ ತಿರುಳ್ಗನ್ನಡದಲ್ಲಿ ನಾನು ಎರಡು ವಾಕ್ಯ ಆಡುವಷ್ಟರಲ್ಲಿ ಹಿಂದಿನ ಬೆಂಚಿನವರು ನಕ್ಕರು. ಮನೆ ಸಿಕ್ಕಿದ್ದು ಪೇಟೆಯಿಂದ ಮೂರು ಕಿಲೋಮೀಟರು ಆಚೆ, ಒಬ್ಬ ವೃದ್ಧ ರೈತರ ಮನೆಯ ಹೊರಚಾವಡಿಯ ಕೋಣೆಯಲ್ಲಿ. ಮನೆಯ ಮುಂದೆ ಅಂಗಳ, ಅಂಗಳ ಇಳಿದರೆ ಗದ್ದೆ. ಗದ್ದೆ ಎಂದರೆ ಒಂದು ಬಯಲಲ್ಲ. ಎರಡು ಗುಡ್ಡಗಳ ನಡುವಣ ಕಣಿವೆಯುದ್ದಕ್ಕೂ ಮೇಲಿನಿಂದ ಕೆಳಗೆ ಒಂದರ ಕೆಳಗೊಂದು ಇಳಿದ ಹಾಸು, ಎಣಿಸಿದರೆ ಹದಿನೇಳು. ಕೆಲವು ಕಾಲೇಜಿನ ಮೈದಾನದಷ್ಟು, ಕೆಲವು ಜೋಡೆತ್ತು ತಿರುಗಲು ಹೆಣಗಬೇಕಾದಷ್ಟು. ತುದಿಯದು ಅರ್ಧಚಂದ್ರದಂತಿತ್ತು, ಅದನ್ನು ಗುದ್ದಲಿಯಿಂದಲೇ ಅಗೆಯುತ್ತಿದ್ದರು.

ಹೀಗೆ ಮೆಟ್ಟಿಲಾಗಿ ಇಳಿಯುವ ಗದ್ದೆಗಳಲ್ಲಿ ಜಾತಿಯುಂಟು. ನೆತ್ತಿಯ ಮೇಲಿನವು ಮಕ್ಕಿಗದ್ದೆ. ಮಳೆ ನಿಂತರೆ ಇವುಗಳ ನೀರೂ ನಿಂತಿತು. ಕೆಳಗಿನವು ಬೈಲುಗದ್ದೆ, ಮೇಲಿನ ಎಲ್ಲ ಗದ್ದೆಗಳ ಬಸಿನೀರು ಬಂದು ಸೇರುವುದು ಇಲ್ಲಿಗೆ. ಘಟ್ಟದ ಕೆಳಗಿನ ದಕ್ಷಿಣ ಕನ್ನಡದಲ್ಲಿ ಈ ಲೆಕ್ಕ ಇನ್ನೂ ಖಚಿತ: ಮೇಲಿನದು ಬೆಟ್ಟು, ನಡುವಿನದು ಮಜಲು, ಕೆಳಗಿನದು ಬೈಲು. ಬೆಟ್ಟಿಗೆ ಒಂದು ಬೆಳೆ, ಮಜಲಿಗೆ ಎರಡು, ಒಳ್ಳೆಯ ಬೈಲಿಗೆ ಮೂರು. ಹೆಣ್ಣು ಕೊಡುವವರು ಮೊದಲು ಕೇಳುತ್ತಿದ್ದುದು ಹುಡುಗನ ವಿದ್ಯೆಯನ್ನಲ್ಲ, ಗದ್ದೆ ಬೈಲೋ ಬೆಟ್ಟೋ ಎಂಬುದನ್ನು ಎಂದು ಅಲ್ಲಿಯ ಸ್ನೇಹಿತರೊಬ್ಬರು ಹೇಳಿದ್ದರು.

ಗದ್ದೆ ಎಂಬ ಮಾತು ಹಳೆಯದು. ಕ್ರಿ.ಶ. 450ರ ಸುಮಾರಿನ ಹಲ್ಮಿಡಿ ಶಾಸನದಲ್ಲಿಯೇ ಅದರ ಹಳೆಯ ರೂಪ 'ಗೞ್ದೆ' ಬಂದಿದೆ. ಕನ್ನಡದಲ್ಲಿ ನಮಗೆ ದೊರೆತ ಅತ್ಯಂತ ಪ್ರಾಚೀನ ಬರವಣಿಗೆಗಳ ಸಾಲಿನಲ್ಲಿ ನಿಲ್ಲುವ ಕಲ್ಲಿನ ಮೇಲೆ ಗದ್ದೆ ಇದೆ ಎಂದರೆ ಅದಕ್ಕಿಂತ ಎಷ್ಟು ಮುಂಚೆ ನೆಲದ ಮೇಲೆ ಇದ್ದೀತು ಎಂಬುದನ್ನು ತಾವೇ ಊಹಿಸಬಹುದು. ಈ ಶಬ್ದವನ್ನು ಹತ್ತು ವರ್ಷ ಪಾಠ ಹೇಳಿದ ಮೇಲೆಯೂ ನನಗೆ ಅದರ ಅರ್ಥ ತಿಳಿದುದು ಪುಸ್ತಕದಿಂದಲ್ಲ. ಆ ಹೊರಚಾವಡಿಯ ಜಗಲಿಯ ಮೇಲಿಂದ.

ಇಳಿಜಾರಿನಲ್ಲಿ ಗದ್ದೆ ಮಾಡುವುದೆಂದರೆ ಮೇಲ್ಗಡೆಯ ಮಣ್ಣನ್ನು ಕಡಿದು ಕೆಳಗಡೆಗೆ ತುಂಬುವುದು. ತುಂಬಿದ ಅಂಚಿಗೆ ಮಣ್ಣಿನ ಕಟ್ಟೆ. ಅದನ್ನು ಅಲ್ಲಿ ಅಂಚು ಎಂದೇ ಕರೆಯುತ್ತಾರೆ. ಹಾಸು ಮಟ್ಟವಾಗಿರಬೇಕು. ಅಂಗುಲದಷ್ಟು ಏರಿಳಿತವಿದ್ದರೂ ಒಂದು ಕಡೆ ಸಸಿ ಮುಳುಗಿ ಕೊಳೆಯುತ್ತದೆ, ಇನ್ನೊಂದು ಕಡೆ ಕಳೆ ಏಳುತ್ತದೆ. ಮಟ್ಟ ನೋಡಲು ಅವರ ಹತ್ತಿರ ಯಾವ ಉಪಕರಣವೂ ಇರಲಿಲ್ಲ. ನೀರು ಬಿಟ್ಟು ನೋಡುತ್ತಿದ್ದರು. ನೀರು ಸುಳ್ಳು ಹೇಳುವುದಿಲ್ಲ. ನೀರು ನಿಂತ ಮೇಲೆ ಉಳುಮೆ, ಅದೇ ನೀರಿನಲ್ಲಿ ಮತ್ತೆ ಉಳುಮೆ, ಆಮೇಲೆ ಹಲಗೆ. ಎತ್ತಿನ ಕಾಲೂ ನೇಗಿಲೂ ಸೇರಿ ಮಣ್ಣನ್ನು ಅರೆದು ಅರೆದು ಕೆಳಗೊಂದು ಗಟ್ಟಿ ಪದರವನ್ನು ಕಟ್ಟುತ್ತವೆ. ನೀರು ಇಂಗಿ ಹೋಗದೆ ನಿಲ್ಲುವುದು ಆ ಪದರದ ಮೇಲೆ. ಅದು ಒಂದು ವರ್ಷದ ಕೆಲಸವಲ್ಲ. ತಲೆಮಾರುಗಳ ಕಾಲು ಅದರಲ್ಲಿದೆ. ಹೀಗೆ ನಿಂತ ನೀರು ಕಳೆಯನ್ನು ಅಡಗಿಸುತ್ತದೆ. ಅದರಲ್ಲಿ ಬೆಳೆಯುವ ಪಾಚಿಯ ಕೆಲವು ಜಾತಿಗಳು ಗಾಳಿಯ ಸಾರಜನಕವನ್ನು ಹಿಡಿದು ಪೈರಿಗೆ ಕೊಡುತ್ತವೆ. ಮೇಲಿನ ಕಾಡಿನಿಂದ ತಂದು ಹಾಕಿದ ಸೊಪ್ಪು, ದರಗು, ಕೊಟ್ಟಿಗೆಯ ಗೊಬ್ಬರ ಉಳಿದುದನ್ನು ನೋಡಿಕೊಳ್ಳುತ್ತವೆ. ನೂರಾರು ವರ್ಷ ಅದೇ ನೆಲದಲ್ಲಿ ಅದೇ ಬೆಳೆ ತೆಗೆದರೂ ನೆಲ ಸೋಲದಿರುವುದಕ್ಕೆ ಇದೇ ಕಾರಣ.

ಇನ್ನು ಅಂಚು. ಮುಂಗಾರು ಹಿಡಿದೊಡನೆ ಅಂಚನ್ನು ಕಡಿಯುತ್ತಾರೆ, ಎಂದರೆ ಹೋದ ವರ್ಷದ ಹುಲ್ಲು ಬೇರುಗಳ ಸಹಿತ ಅದರ ಒಳಮೈಯನ್ನು ಕೆತ್ತಿ ತೆಗೆಯುತ್ತಾರೆ. ಆಮೇಲೆ ಗದ್ದೆಯ ಕೆಸರನ್ನೇ ಎತ್ತಿ ಅದಕ್ಕೆ ಮೆತ್ತಿ ಗುದ್ದಲಿಯ ಬೆನ್ನಿನಿಂದ ನುಣ್ಣಗೆ ಸವರುತ್ತಾರೆ. ಗೋಡೆಗೆ ಗಿಲಾವು ಮಾಡಿದಂತೆ. ಏಕೆಂದರೆ ಅಂಚಿನ ಶತ್ರು ಏಡಿ. ಅದು ರಾತ್ರಿಯಲ್ಲಿ ಬೆರಳಗಲದ ಬಿಲ ತೋಡುತ್ತದೆ. ಬೆಳಗಿನೊಳಗೆ ಆ ಬಿಲ ಮೊಣಕೈಯಷ್ಟಗಲದ ಒಡಕಾಗಿ ಮೇಲಿನ ಗದ್ದೆಯ ನೀರೆಲ್ಲ ಕೆಳಗಿನ ಸಸಿಗಳ ಮೇಲೆ ಮಣ್ಣಿನೊಡನೆ ಮಗುಚಿಕೊಳ್ಳುತ್ತದೆ. ಆಷಾಢದ ಮಳೆಯಲ್ಲಿ ನಟ್ಟಿರುಳು ಮನೆಯ ಯಜಮಾನರು ಕಂಬಳಿಕೊಪ್ಪೆ ಹಾಕಿ ಲಾಟೀನು ಹಿಡಿದು ಗದ್ದೆಗೆ ಇಳಿಯುವುದನ್ನು ನಾನು ಕಿಟಕಿಯಿಂದ ಎಷ್ಟೋ ಸಲ ನೋಡಿದೆ. ಮೊದಮೊದಲು ಯಾವುದೋ ವ್ರತವೆಂದುಕೊಂಡಿದ್ದೆ. ನೀರಿನ ಸದ್ದಿನಲ್ಲಿ ಒಂದು ಹೊಸ ಸದ್ದು ಕೇಳಿದರೆ ಎದ್ದುಬಿಡುತ್ತಿದ್ದರಂತೆ.

ಅಗೆ ಹಾಕಿ ತಿಂಗಳೊಳಗೆ ಸಸಿ ಕಿತ್ತು ನಾಟಿ. ಗೊರಬು ಸೂಡಿದ ಹೆಂಗಸರ ಸಾಲು ಬಗ್ಗಿ ಹಿಂದೆ ಹಿಂದೆ ಸರಿಯುತ್ತ ನೆಡುವುದನ್ನು ಕವಿಗಳು ಬಹಳ ಬಣ್ಣಿಸಿದ್ದಾರೆ. ಸಂಜೆ ಅವರಲ್ಲಿ ಎಷ್ಟು ಮಂದಿಗೆ ಸೊಂಟ ನೇರವಾಗುವುದಿಲ್ಲ ಎಂಬುದನ್ನು ಅಷ್ಟಾಗಿ ಬಣ್ಣಿಸಿಲ್ಲ. ಒಬ್ಬರ ಗದ್ದೆಗೆ ಇನ್ನೊಬ್ಬರು ಬಂದು ಆ ಋಣವನ್ನು ದುಡಿಮೆಯಲ್ಲಿಯೇ ತೀರಿಸುವ ಪದ್ಧತಿಗೆ ಅಲ್ಲಿ ಮುಯ್ಯಾಳು ಎಂಬ ಹೆಸರು. ನಮ್ಮ ಕಡೆಯೂ ಮುಯ್ಯಿ ಇದೆ, ಆದರೆ ಮದುವೆಯ ಉಡುಗೊರೆಯ ಲೆಕ್ಕದಲ್ಲಿ ಈಗ ಅದರ ಹೆಸರು ಹೆಚ್ಚು ಕೇಳುತ್ತದೆ.

ಬೀಜದ ಹೆಸರುಗಳನ್ನು ನಾನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದೆ: ಹೆಗ್ಗೆ, ರತ್ನಚೂಡಿ, ಜೀರಿಗೆಸಾಲೆ, ಗಂಧಸಾಲೆ. ವರದೆಯ ನೆರೆ ನುಗ್ಗುವ ತಗ್ಗಿಗೆ ನೆರೆಗುಳಿ. ಆ ಹೊತ್ತಿಗೆ ಹಲವು ಗದ್ದೆಗಳಿಗೆ ಇಂಟಾನ್ ಬಂದಿತ್ತು. ಬೆಂಕಿರೋಗ ತಡೆಯುತ್ತದೆಂದು ಅದನ್ನು ಮೆಚ್ಚುತ್ತಿದ್ದರು. ಅದು ಇಂಡೋನೇಷ್ಯದ ಬತ್ತವೆಂದು ನಾನು ಹೇಳಿದಾಗ ಯಜಮಾನರು, "ಅಲ್ಲೂ ಹೀಗೇ ಮಳೆ ಇರ್ಬೇಕು" ಎಂದರು.

ಕಾರ್ತಿಕದ ಹೊತ್ತಿಗೆ ಅಂಚಿನ ಕಂಡಿ ತೆಗೆದು ನೀರು ಬಸಿಯುತ್ತಾರೆ. ನೆಲ ಗಟ್ಟಿಯಾದ ಮೇಲೆ ಕೊಯಿಲು. ಕುಡುಗೋಲು ನಮ್ಮ ಕಡೆಯದರಂತೆಯೇ. ಆದರೆ ಹೊರೆ ಹೊರುವುದು ಬೇರೆ. ನಮ್ಮಲ್ಲಿ ಚಕ್ಕಡಿ ಹೊಲದೊಳಗೆ ಬರುತ್ತದೆ. ಇಲ್ಲಿ ಹದಿನೇಳು ಮೆಟ್ಟಿಲು ತಲೆಯ ಮೇಲೆಯೇ ಬರಬೇಕು, ಅದೂ ಒಂದು ಹೆಜ್ಜೆಯಗಲದ ಅಂಚಿನ ಮೇಲೆ. ಸಗಣಿ ಸಾರಿಸಿದ ಕಣದಲ್ಲಿ ಬಡಿದು ಉದುರಿಸಿ, ಉಳಿದುದನ್ನು ಎತ್ತು ಕಟ್ಟಿ ತುಳಿಸಿ, ತೂರಿ, ಅಳೆದು ಪಣತಕ್ಕೆ ತುಂಬುವುದು. ಕಣದ ನಡುವೆ ಮೇಟಿ. ಆ ಮೇಟಿಯೊಂದನ್ನು ಕಂಡಾಗ ಮಾತ್ರ ನನಗೆ ಊರಿಗೆ ಬಂದಂತಾಯಿತು. ನಮ್ಮ ಹಂತಿಯ ಎತ್ತುಗಳೂ ಸುತ್ತುತ್ತಿದ್ದುದು ಅದೇ ಹೆಸರಿನ ಕಂಬವನ್ನು.

ಅಳೆಯುವುದು ಎಂದೆ. ಈ ಅಳತೆಯ ಮಾತು ಬಂದಾಗ ಯಜಮಾನರ ದನಿ ಬದಲಾಗುತ್ತಿತ್ತು. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಎದ್ದದ್ದು ಕೊಳಗದ ಕಾರಣಕ್ಕೆ. ಗೇಣಿಯ ಬತ್ತವನ್ನು ಒಡೆಯರು ದೊಡ್ಡ ಕೊಳಗದಲ್ಲಿ ಅಳೆದುಕೊಳ್ಳುತ್ತಿದ್ದರು. ಸರಿಯಾದ ಕೊಳಗದಲ್ಲಿ ಅಳೆಯಿರಿ ಎಂಬುದು ಗೇಣಿದಾರರ ಬೇಡಿಕೆ. ಎಚ್. ಗಣಪತಿಯಪ್ಪನವರು ಅವರನ್ನು ಸಂಘಟಿಸಿದರು, ಶಾಂತವೇರಿ ಗೋಪಾಲಗೌಡರು ಜೊತೆಗೂಡಿದರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಯಜಮಾನರು ಆಗ ಹುಡುಗರು. ಅಂಚನ್ನು ಕಾದವರು ಒಬ್ಬರು, ಪಣತ ತುಂಬಿಕೊಂಡವರು ಇನ್ನೊಬ್ಬರು ಎಂಬುದು ಆ ಕಣಿವೆಯ ಎಲ್ಲ ಮೆಟ್ಟಿಲುಗಳ ಇತಿಹಾಸ. ಗದ್ದೆಯ ಚೆಲುವನ್ನು ಹೊಗಳುವವರು ಇದನ್ನು ಬಿಟ್ಟು ಹೊಗಳಬಾರದು. ಕಾರಂತರ 'ಚೋಮನ ದುಡಿ' ಬಂದುದು 1933ರಲ್ಲಿ. ಜೋಡಿ ಎತ್ತು ಕಟ್ಟಿಕೊಂಡೂ ಸ್ವಂತಕ್ಕೆ ಒಂದು ತುಂಡು ನೆಲ ಸಿಗದ ಚೋಮನ ಕಥೆಯನ್ನು ನಾನು ಆ ಕಾಲೇಜಿನಲ್ಲಿ ಪಾಠ ಮಾಡುವಾಗ ಹಿಂದಿನ ಬೆಂಚಿನವರು ನಗಲಿಲ್ಲ. ಅವರಲ್ಲಿ ಅನೇಕರ ಮನೆಗೆ ನೆಲ ಬಂದದ್ದು 1974ರ ಭೂಸುಧಾರಣೆಯ ತಿದ್ದುಪಡಿಯ ಮೇಲೆ. ನಮ್ಮ ಯಜಮಾನರಿಗೂ ಹಾಗೆಯೇ ಹದಿನೇಳು ಮೆಟ್ಟಿಲಲ್ಲಿ ಒಂಬತ್ತು ಬಂದಿದ್ದವು.

ಈಗ ನಮ್ಮ ಅಪ್ಪನ ಮಾತು ಬರಬೇಕು. ಅವರಿಗೆ ಹೊಳೆಯ ಕಡೆ ನಾಲ್ಕು ಎಕರೆ ಎರೆ, ಗುಡ್ಡದ ಕಡೆ ಮೂರು ಎಕರೆ ಮಡ್ಡಿ. ಮಡ್ಡಿ ಎಂದರೆ ಕಲ್ಲು. ಕಲ್ಲಿನ ನಡುವೆ ಇದ್ದಷ್ಟು ಮಣ್ಣು. ಪ್ರತಿ ಬೇಸಿಗೆಯಲ್ಲಿಯೂ ಅಪ್ಪ ಆ ಕಲ್ಲುಗಳನ್ನು ಆಯ್ದು ಇಳಿಜಾರಿಗೆ ಅಡ್ಡಲಾಗಿ ವಡ್ಡು ಕಟ್ಟುತ್ತಿದ್ದರು. ಮಳೆಯ ನೀರು ತರುವ ಮಣ್ಣು ವಡ್ಡಿನ ಬೆನ್ನಿಗೆ ನಿಂತು ಕ್ರಮೇಣ ಒಂದು ಹಾಸು ಆಗುವುದು. ಹೆಚ್ಚಾದ ನೀರು ವಡ್ಡನ್ನು ಒಡೆಯದಂತೆ ಹೊರಹೋಗಲು ಕಲ್ಲಿನಿಂದ ಕಟ್ಟಿದ ಬಾಯಿಗೆ ಗುಂಡಾವರ್ತಿ ಎಂದು ಹೆಸರು. ಹುನಗುಂದದ ಸೀಮೆಯ ಒಕ್ಕಲಿಗರು ಈ ಕೆಲಸದಲ್ಲಿ ನಿಪುಣರು. ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸಿನ ಮಳೆಯಲ್ಲಿ ಬಿಳಿಜೋಳ ಬೆಳೆಯುವುದು ವಡ್ಡಿನ ಬಲದಿಂದ. 1972ರ ಬರದಲ್ಲಿ ಅಪ್ಪ ಕಾಮಗಾರಿಯಲ್ಲಿ ಕಲ್ಲು ಒಡೆದು, ಸಂಜೆ ಬಂದು ತಮ್ಮ ವಡ್ಡಿಗೆ ಕಲ್ಲು ಹೊತ್ತರು. ನಾನು ಆಗ ಹದಿಮೂರರ ಹುಡುಗ. ಅಪ್ಪನ ಅಂಗೈ ನೋಡಿದರೆ ನಾಚಿಕೆಯಾಗುತ್ತಿತ್ತು ಎಂಬುದನ್ನು ಇಷ್ಟು ವರ್ಷಗಳ ಮೇಲೆ ಹೇಳಿಬಿಡಬಹುದು. ಎಂ.ಎ. ಆದ ಮೇಲೆ ಆ ನಾಚಿಕೆ ಒಂದು ಸಲಹೆಯ ರೂಪ ತಾಳಿತು: ಮಡ್ಡಿ ಮಾರಿ, ಬಾದಾಮಿಯಲ್ಲಿ ಒಂದು ನಿವೇಶನ ಕೊಳ್ಳೋಣ. ಮೂರು ಯುಗಾದಿ ಇದನ್ನೇ ಹೇಳಿದೆ. ಅಪ್ಪ ಹೂಂ ಎಂದೂ ಅನ್ನಲಿಲ್ಲ, ಊಹೂಂ ಎಂದೂ ಅನ್ನಲಿಲ್ಲ.

1986ರ ಶ್ರಾವಣದಲ್ಲಿ ಅವರು ನನ್ನನ್ನು ನೋಡಲು ಮಲೆನಾಡಿಗೆ ಬಂದರು. ಕೈಯಲ್ಲಿ ರೊಟ್ಟಿಯ ಗಂಟು, ಶೇಂಗಾ ಹಿಂಡಿ. ಮೂರು ದಿನ ಮಳೆ ಬಿಡಲಿಲ್ಲ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರು ಮೀರುವ ಆಗುಂಬೆ ಅಲ್ಲಿಗೆ ದೂರವೇನಲ್ಲ. ನಮ್ಮೂರಿನ ವರ್ಷದ ಮಳೆ ಅವರು ಬಂದ ಆ ವಾರವೊಂದರಲ್ಲಿಯೇ ಬಿದ್ದಿರಬೇಕು. ನೀರು ಕಂಡು ಅಪ್ಪ ಬೆರಗಾಗುತ್ತಾರೆಂದುಕೊಂಡಿದ್ದೆ. ಮರುದಿನ ಬೆಳಗ್ಗೆ ಯಜಮಾನರ ಕಂಬಳಿ ಕೇಳಿ ಪಡೆದು ಗದ್ದೆಗೆ ಹೋದವರು ನೀರನ್ನು ನೋಡಲೇ ಇಲ್ಲ. ಅಂಚನ್ನು ನೋಡಿದರು. ಕಾಲಿನಿಂದ ಒತ್ತಿ ನೋಡಿದರು, ಬಾಗಿ ಮುಟ್ಟಿದರು.

"ಯಜಮಾನ್ರ, ಇಷ್ಟ ನೀರ ನಿಂತ್ರೂ ಈ ವಡ್ಡ ಹೆಂಗ ತಡದೈತ್ರಿ? ಕಲ್ಲ ಒಂದೂ ಕಾಣವಲ್ದು."

"ಕಲ್ಲು ಹಾಕಿದ್ರೆ ಸಂದೀಲಿ ನೀರು ಸೋರ್ತದೆ ಮಾರಾಯ್ರೆ. ಬರೀ ಮಣ್ಣು ಇದು. ವರ್ಷವರ್ಷ ಕಡೀಬೇಕು, ವರ್ಷವರ್ಷ ಮೆತ್ಬೇಕು. ಒಂದು ವರ್ಷ ಬಿಟ್ರೆ ಆಮೇಲಿಂದು ಏಡಿ ನೋಡ್ಕೊಳ್ತದೆ."

"ಹೆಚ್ಚಾದ ನೀರಿಗೆ ಗುಂಡಾವರ್ತಿ?"

"ಹಂಗಂದ್ರೆ?"

ಅಪ್ಪ ಅಂಚಿನ ಮೇಲೆ ಕುಕ್ಕರಗಾಲಲ್ಲಿ ಕುಳಿತು ನಾಲ್ಕು ಹರಳುಗಳಿಂದ ಗುಂಡಾವರ್ತಿಯನ್ನು ಕಟ್ಟಿ ತೋರಿಸಿದರು. ಯಜಮಾನರು ತಮ್ಮ ಕಂಡಿ ತೋರಿಸಿದರು: ನೀರು ಬೀಳುವ ಜಾಗ ಕೊರೆಯದಂತೆ ಅಡಿಕೆಯ ಹಾಳೆ ಹಾಸಿದ್ದರು. ಇಬ್ಬರಿಗೂ ಇನ್ನೊಬ್ಬರ ಮಾತು ಅರ್ಧ ಅರ್ಥವಾಗುತ್ತಿರಲಿಲ್ಲ; ನಡುವೆ ಕನ್ನಡ ಎಂ.ಎ. ಆದ ನಾನು ದುಭಾಷಿಯಾಗಿ ನಿಂತಿದ್ದೆ, ಆದರೆ ನನ್ನ ಅಗತ್ಯ ಬೀಳಲಿಲ್ಲ. ಕೊನೆಗೆ ಅಪ್ಪ ಕೇಳಿದ ಪ್ರಶ್ನೆ ನೆನಪಿದೆ.

"ಮ್ಯಾಲಿನಾಂವ ಸಿಟ್ಟಾಗಿ ನೀರ ಒಮ್ಮಿಗೇ ಬಿಟ್ನಂದ್ರ?"

"ಹೆಂಗೆ ಬಿಡ್ತಾನೆ? ನನ್ನ ಗದ್ದೆ ಕುಸಿದ್ರೆ ಅವನ ಅಂಚಿನ ಬುಡ ಎಲ್ಲಿರ್ತದೆ?"

ಅಪ್ಪ ಹೊರಡುವ ದಿನ ಬಸ್‌ಸ್ಟ್ಯಾಂಡಿನಲ್ಲಿ, "ಮಡ್ಡಿ ಮಾರೂ ಮಾತ ಇನ್ನ ಬ್ಯಾಡ ತಮ್ಮಾ" ಎಂದರು. ಅಷ್ಟೇ.

ಆ ವರ್ಷ ಶೀಗಿ ಹುಣ್ಣಿಮೆಗೆ ನಾನು ಊರಿಗೆ ಹೋಗಲಿಲ್ಲ. ಮಲೆನಾಡಿನಲ್ಲಿ ಅದೇ ದಿನ ಭೂಮಿಹುಣ್ಣಿಮೆ. ಹೊಡೆ ತುಂಬಿದ ಗದ್ದೆಯನ್ನು ಬಸುರಿಯೆಂದು ಭಾವಿಸಿ ಬಯಕೆಯ ಊಟ ಬಡಿಸುವ ಹಬ್ಬ. ಹೆಂಗಸರು ರಾತ್ರಿಯೆಲ್ಲ ಅಡುಗೆ ಮಾಡಿ, ಚಿತ್ತಾರ ಬರೆದ ಬುಟ್ಟಿಯಲ್ಲಿ ತುಂಬಿ, ನಸುಕಿನಲ್ಲಿ ಗದ್ದೆಗೆ ಒಯ್ದು, ಸೊಪ್ಪುಗಳ ಹಚ್ಚಂಬಲಿಯನ್ನು ಬೀರುತ್ತಾರೆ. ನಮ್ಮಲ್ಲಿ ಅದೇ ಹುಣ್ಣಿಮೆಗೆ ಐದು ಕಲ್ಲಿಗೆ ಸುಣ್ಣ ಬಳಿದು ಪಾಂಡವರೆಂದು ಪೂಜಿಸಿ, ಸಜ್ಜೆರೊಟ್ಟಿ, ಕಡುಬು, ಪಲ್ಯ ಕಲೆಸಿ ಹೊಲದ ತುಂಬ ಚರಗ ಚೆಲ್ಲುತ್ತಾರೆ. ಒಂದು ಕಡೆ ಮೊಣಕಾಲುದ್ದ ನೀರು, ಇನ್ನೊಂದು ಕಡೆ ಬಿರುಕುಬಿಟ್ಟ ಎರೆ; ಬಸುರಿ ಒಬ್ಬಳೇ.

ಈ ಮೆಟ್ಟಿಲುಗದ್ದೆಗಳ ಬಗ್ಗೆ ಲೋಕಕ್ಕೆ ಈಗ ಗೌರವ ಹುಟ್ಟಿದೆ. ಫಿಲಿಪೀನ್ಸಿನ ಇಫುಗಾವೊ ಜನರ ಗುಡ್ಡದ ಗದ್ದೆಗಳನ್ನು ಯುನೆಸ್ಕೊ 1995ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಬಾಲಿದ್ವೀಪದಲ್ಲಿ ಮೇಲಿನ ಗದ್ದೆಗೂ ಕೆಳಗಿನ ಗದ್ದೆಗೂ ನೀರು ಹಂಚುವ ಸುಬಕ್ ಎಂಬ ರೈತಸಂಘಗಳ ವ್ಯವಸ್ಥೆಗೆ 2012ರಲ್ಲಿ ಆ ಮಾನ್ಯತೆ ದೊರೆಯಿತು. ನಮ್ಮ ಪಟ್ಟದಕಲ್ಲು 1987ರಲ್ಲಿ ಸೇರಿದ ಪಟ್ಟಿಯೂ ಅದೇ. ಆದರೆ ಒಂದು ವ್ಯತ್ಯಾಸವುಂಟು. ವಿರೂಪಾಕ್ಷನ ಗುಡಿಗೆ ನೂರು ವರ್ಷ ಯಾರೂ ಕಾಲಿಡದಿದ್ದರೂ ಅದು ಹೇಗೋ ನಿಂತೀತು. ಗದ್ದೆ ಮೂರು ಮಳೆಗಾಲ ನಿಲ್ಲುವುದಿಲ್ಲ. ಇಫುಗಾವೊ ಗದ್ದೆಗಳನ್ನು 2001ರಲ್ಲಿ ಅಪಾಯದ ಪಟ್ಟಿಗೆ ಹಾಕಬೇಕಾಗಿ ಬಂತು. ಅಲ್ಲಿಂದ ಹೊರಬರಲು 2012ರವರೆಗೆ ಕಾಯಬೇಕಾಯಿತು. ನೆರೆಯ ಕೇರಳದವರು ಗದ್ದೆಯನ್ನು ಬೇರೆಯದಕ್ಕೆ ಬಳಸದಂತೆ 2008ರಲ್ಲಿ ಒಂದು ಕಾಯಿದೆಯನ್ನೇ ಮಾಡಿದರು. ಕಾಯಿದೆ ಗದ್ದೆಯನ್ನು ತುಂಬುವುದನ್ನು ತಡೆದೀತು, ಅಂಚು ಕಡಿಯಲು ಯಾರನ್ನೂ ಇಳಿಸಲಾರದು.

2019ರಲ್ಲಿ, ನಿವೃತ್ತಿಯ ಅಂಚಿನಲ್ಲಿದ್ದಾಗ, ಆ ಮನೆಗೆ ಹೋಗಿದ್ದೆ. ಯಜಮಾನರು ತೀರಿಹೋಗಿ ವರ್ಷಗಳಾಗಿದ್ದವು. ಕೆಳಗಿನ ಬೈಲುಗದ್ದೆಗಳಲ್ಲಿ ಅಡಿಕೆ ಎದ್ದಿತ್ತು. ಮೇಲಿನ ಮಕ್ಕಿಗಳು ಹುಲ್ಲು. ಅರ್ಧಚಂದ್ರದ ಗದ್ದೆ ಎಲ್ಲಿತ್ತೆಂದು ತೋರಿಸಲು ಮಗನಿಗೇ ತುಸು ಹೊತ್ತು ಬೇಕಾಯಿತು. ಅವನು ನನ್ನ ಹಳೆಯ ವಿದ್ಯಾರ್ಥಿ. "ಮೇಷ್ಟ್ರೇ, ನಾಟಿಗೆ ಆಳಿಲ್ಲ. ಆಳು ಸಿಕ್ಕಿದ್ರೆ ಹಂದಿ. ಹಂದಿ ಬಿಟ್ಟಿದ್ದು ಮಂಗಕ್ಕೆ. ಇಷ್ಟೆಲ್ಲ ಮಾಡಿ ಅಂಗಡಿ ಅಕ್ಕಿಗಿಂತ ನಮ್ಮಕ್ಕಿ ತುಟ್ಟಿ ಬೀಳ್ತದೆ" ಎಂದು ಲೆಕ್ಕ ಒಪ್ಪಿಸಿದ. ಆ ಲೆಕ್ಕದಲ್ಲಿ ನನಗೆ ತಪ್ಪು ಕಾಣಲಿಲ್ಲ. ಗದ್ದೆಯಲ್ಲಿ ನಾಲ್ಕು ತಿಂಗಳು ನಿಂತು ಮೆಲ್ಲನೆ ನೆಲದೊಳಕ್ಕೆ ಇಳಿಯುತ್ತಿದ್ದ ನೀರಿನ ಬೆಲೆಯನ್ನು ಅವನು ಹಿಡಿದಿರಲಿಲ್ಲ, ನಿಜ. ಆದರೆ ಆ ಬೆಲೆಯನ್ನು ಅವನಿಗೆ ಇದುವರೆಗೆ ಯಾರೂ ಕೊಟ್ಟಿಲ್ಲ. ಅಂಗಳದ ಬಾವಿ ಈಗ ಚೈತ್ರಕ್ಕೇ ತಳ ಕಾಣುತ್ತದೆಂದು ಅವನ ಹೆಂಡತಿ ಹೇಳಿದಳು.

ಅವನನ್ನು ಅನ್ನಲು ನನಗೆ ಬಾಯಿಯೂ ಇರಲಿಲ್ಲ. ಅಪ್ಪ 1995ರಲ್ಲಿ ಹೋದರು. ಮೂರು ವರ್ಷದ ಮೇಲೆ ನಾವು ಅಣ್ಣತಮ್ಮಂದಿರು ಮಡ್ಡಿಯ ಮೇಲಿನ ಅರ್ಧವನ್ನು ಮಾರಿದೆವು. ತಂಗಿಯ ಮದುವೆಯ ಸಾಲವಿತ್ತು. ಕಾರಣಗಳು ಯಾವಾಗಲೂ ಇರುತ್ತವೆ. ಕೊಂಡವರು ಯಂತ್ರ ತಂದು ವಡ್ಡಿನ ಕಲ್ಲುಗಳನ್ನೆಲ್ಲ ಎತ್ತಿಸಿ ಕಟ್ಟಡಕ್ಕೆಂದು ಸಾಗಿಸಿದರು. ನೆಲ ನುಣ್ಣಗೆ, ನೋಡಲು ಚೆಂದವಾಯಿತು. 2009ರ ಸೆಪ್ಟೆಂಬರ್ ಕೊನೆಗೆ ಉತ್ತರ ಕರ್ನಾಟಕದ ಮೇಲೆ ಸುರಿದ ಆ ಮಳೆಯನ್ನು ತಾವು ಮರೆತಿರಲಾರಿರಿ. ಮೇಲೆ ತಡೆಯುವ ವಡ್ಡಿಲ್ಲದ ನೀರು ಒಮ್ಮೆಗೇ ಇಳಿದು ಬಂದು ಕೆಳಗಿನ ನಮ್ಮ ಅರ್ಧದ ಮೂರು ವಡ್ಡುಗಳಲ್ಲಿ ಎರಡನ್ನು ಗುಂಡಾವರ್ತಿಯ ಸಹಿತ ಎತ್ತಿಕೊಂಡು ಹೋಯಿತು. ಅಪ್ಪ ಮೂವತ್ತು ವರ್ಷ ಕೂಡಿಸಿದ ಮಣ್ಣು ಒಂದು ರಾತ್ರಿಯಲ್ಲಿ ಹಳ್ಳಕ್ಕೆ ಸೇರಿತು. ಅಂಚಿನ ಬುಡ ಎಲ್ಲಿರುತ್ತದೆ ಎಂದು ಯಜಮಾನರು ಕೇಳಿದ್ದರು. ನಮ್ಮಲ್ಲಿ ಬುಡವಿತ್ತು, ತಲೆಯನ್ನು ನಾವೇ ಮಾರಿದ್ದೆವು, ಆ ಕಾಗದಕ್ಕೆ ನನ್ನ ರುಜುವೂ ಇದೆ.

ಹೋದ ಮಳೆಗಾಲದಲ್ಲಿ ನಾನು ಕಣಕುಂಬಿಗೆ ಹೋಗಿ ಬಂದೆ. ಖಾನಾಪುರ ತಾಲ್ಲೂಕಿನ ಈ ಹಳ್ಳಿಯಲ್ಲಿ, ಮಾವುಲಿ ದೇವಿಯ ಗುಡಿಯ ಬಳಿ, ನಮ್ಮೂರ ಹೊಳೆ ಹುಟ್ಟುತ್ತದೆ. ಕಳಸಾ ನಾಲೆಯ ವಿವಾದದಿಂದಾಗಿ ಆ ಹೆಸರು ಪತ್ರಿಕೆ ಓದುವವರಿಗೆಲ್ಲ ಗೊತ್ತು. 2018ರಲ್ಲಿ ನ್ಯಾಯಾಧಿಕರಣವು ಕಳಸಾ ಬಂಡೂರಿಯಿಂದ ಮಲಪ್ರಭೆಗೆ 3.9 ಟಿ.ಎಂ.ಸಿ. ನೀರು ತಿರುಗಿಸಬಹುದೆಂದು ತೀರ್ಪಿತ್ತಿತು. ಆ ತಗಾದೆಯ ಒಳಹೊರಗು ನನ್ನ ವಿಷಯವಲ್ಲ. ನಾನು ನೋಡಹೋದದ್ದು ಗದ್ದೆ. ಕೆಂಪು ಮಣ್ಣಿನ ಇಳಿಜಾರಿನಲ್ಲಿ ಕಣಿವೆಗೆ ಇಳಿದ ಚಿಕ್ಕಚಿಕ್ಕ ಹಾಸುಗಳು, ಕೆಸರಿನಲ್ಲಿ ಬಗ್ಗಿದ ಹೆಂಗಸರು, ಮರಾಠಿಯೂ ಕನ್ನಡವೂ ಬೆರೆತ ಮಾತು. ಒಂದು ಅಂಚಿನ ಮೇಲೆ ಬಹಳ ಹೊತ್ತು ನಿಂತೆ. ಮೇಲಿನ ಗದ್ದೆಯ ಕಂಡಿಯಿಂದ ಕೆಳಗಿನದಕ್ಕೆ, ಅದರ ಕಂಡಿಯಿಂದ ಇನ್ನೂ ಕೆಳಗಿನದಕ್ಕೆ ಇಳಿದು ನೀರು ಕೊನೆಗೆ ಹಳ್ಳಕ್ಕೆ ಬೀಳುತ್ತಿತ್ತು. ಕೆಸರಾಗಿರಲಿಲ್ಲ, ಮಣ್ಣನ್ನು ಗದ್ದೆಗಳಲ್ಲಿಯೇ ಬಿಟ್ಟು ಬಂದಿತ್ತು. ಆ ಹಳ್ಳವೇ ಮುಂದೆ ನವಿಲುತೀರ್ಥದ ಅಣೆಕಟ್ಟಿನಲ್ಲಿ ತಂಗಿ, ಉಳಿದರೆ ಚೊಳಚಗುಡ್ಡದ ಸೇತುವೆಯ ಕೆಳಗೆ ಹಾದು, ಪಟ್ಟದಕಲ್ಲನ್ನು ಬಳಸಿ ಕೂಡಲಸಂಗಮಕ್ಕೆ ಹೋಗುವುದು. ಅಲ್ಲಿ ನೆಡುತ್ತಿದ್ದ ಒಬ್ಬಾಕೆ, "ಯಾವೂರ್ರೀ?" ಎಂದು ಕೇಳಿದಳು. ಬನಶಂಕರಿ ಎಂದೆ. "ಜಾತ್ರಿಗೆ ಬಂದೇನಿ" ಎಂದಳು.

ನಮ್ಮ ಮಡ್ಡಿಯಲ್ಲಿ ಈಗ ಉಳಿದುದು ಒಂದು ವಡ್ಡು. ಅದರಲ್ಲೂ ಮೂರು ಮಾರು ಬಿದ್ದಿದೆ. ಕಲ್ಲು ಅಲ್ಲಿಯೇ ಉರುಳಿಕೊಂಡಿವೆ. ಗುಂಡಾವರ್ತಿ ಕಟ್ಟಬಲ್ಲವರು ಊರಿನಲ್ಲಿ ಇಬ್ಬರು ಮಾತ್ರ. ಒಬ್ಬರಿಗೆ ಕಣ್ಣು ಮಂದವಾಗಿದೆ. ಇನ್ನೊಬ್ಬರು ಯುಗಾದಿ ಮುಗಿಯಲಿ ಎಂದಿದ್ದಾರೆ. ಕಲ್ಲು ಎತ್ತಿಕೊಡಲು ನಾನು ಬರುತ್ತೇನೆಂದು ಹೇಳಿದ್ದಕ್ಕೆ ಅವರು ನನ್ನ ಅಂಗೈಯನ್ನು ಒಮ್ಮೆ ನೋಡಿ, "ನೀರ ಕುಡಿಯಾಕ ತಂದ ಕೊಡ್ರಿ ಸಾಕು, ಸರ" ಎಂದರು.